ಲಿಂಕು ಇದ್ದರೆ ಸಾಲದು, ಫೈಲು ಇರಲಿ

ಮಾಣಿ, ರಾತ್ರಿಯಿಡೀ ನಿದ್ದೆಗೆಟ್ಟು ಯಕ್ಷಗಾನ ಆಟದ ವಿಡಿಯೊ ಮಾಡುತ್ತೀಯ. ಬೆಳಿಗ್ಗೆ ಅದನ್ನು ಯೂಟ್ಯೂಬಿಗೆ ಏರಿಸಿ, ನಿನ್ನ ವೆಬ್‌ಸೈಟಿನಲ್ಲಿ ಎಂಬೆಡ್ ಮಾಡುತ್ತೀಯ. ಅಲ್ಲಿಯವರೆಗೆ ಎಲ್ಲ ಸರಿ. ಆಮೇಲೆ ಫೋನಿನಲ್ಲಿ ಜಾಗ ಇಲ್ಲವೆಂದು ಮೂಲ ಫೈಲನ್ನೇ ಅಳಿಸಿಬಿಡುತ್ತೀಯಲ್ಲ, ನನ್ನ ತಕರಾರು ಅದಕ್ಕೆ.

ಎಂಬೆಡ್ ಮಾಡಿದ ವಿಡಿಯೊ ನಿನ್ನ ಮನೆಯಲ್ಲಿ ಇರುವುದಿಲ್ಲ ಮಾರಾಯ. ಯಾರದೋ ಸರ್ವರಿನಲ್ಲಿ ಓಡುವುದನ್ನು ನಿನ್ನ ಪುಟ ಎರವಲು ತಂದು ತೋರಿಸುತ್ತದೆ, ಅಷ್ಟೆ. ಅವರು ಬೇಡವೆಂದ ದಿನ ನಿನ್ನಲ್ಲಿ ಉಳಿಯುವುದು ಖಾಲಿ ಚೌಕ. ಗೂಗಲ್ 2006ರಲ್ಲಿ ಯೂಟ್ಯೂಬನ್ನು ಕೊಂಡುಕೊಂಡಿತು. ತನ್ನದೇ ಆದ ಗೂಗಲ್ ವಿಡಿಯೊವನ್ನು 2012ರಲ್ಲಿ ಮುಚ್ಚಿತು. 2020ರ ಜೂನ್ 29ರಂದು ನಮ್ಮ ಸರಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ಅದೇ ವರ್ಷದ ಕೊನೆಯ ದಿನ ಅಡೋಬ್ ಫ್ಲ್ಯಾಶ್‌ನ ಕತೆಯೂ ಮುಗಿಯಿತು; ಅದನ್ನೇ ನಂಬಿದ್ದ ಪ್ಲೇಯರುಗಳು ಬ್ರೌಸರಿನಲ್ಲಿ ಸತ್ತುಬಿದ್ದವು. ಇದರಲ್ಲಿ ಯಾವುದೂ ವಿಡಿಯೊ ಮಾಡಿದವನನ್ನು ಕೇಳಿ ಆದದ್ದಲ್ಲ.

ಹಾಗಾಗಿ ಕ್ಯಾಮೆರಾದಿಂದ ಬಂದ ಫೈಲು ಬಂದ ಹಾಗೇ ಒಂದು ಹಾರ್ಡ್‌ಡಿಸ್ಕಿನಲ್ಲಿ ಇರಲಿ, ಇನ್ನೊಂದು ಪ್ರತಿ ಬೇರೆ ಮನೆಯಲ್ಲಿರಲಿ. ಯೂಟ್ಯೂಬಿನಿಂದ ಮತ್ತೆ ಇಳಿಸಿಕೊಳ್ಳುತ್ತೇನೆ ಅನ್ನಬೇಡ. ಅದು ಹಿಂಡಿ ಚಿಕ್ಕದು ಮಾಡಿದ ಪ್ರತಿ. ವಾಟ್ಸ್ಆ್ಯಪಿನದಂತೂ ಇನ್ನೂ ಕಡೆ. ಪುಂಡುವೇಷ ದಿಗಿಣ ಹೊಡೆಯುವ ಕಡೆ ಒಮ್ಮೆ ನಿಲ್ಲಿಸಿ ನೋಡು: ಮುಖ, ಹಿಂದಿನ ಪರದೆ ಎಲ್ಲ ಚೌಕ ಚೌಕವಾಗಿ ಒಡೆದುಹೋಗಿರುತ್ತದೆ. ಚಲನೆ ಜೋರಾದಷ್ಟೂ ಹಿಂಡಿದ ವಿಡಿಯೊ ಕೆಡುತ್ತದೆ, ನಿನಗೆ ಬೇಕಾದದ್ದು ಇರುವುದೂ ಅಲ್ಲಿಯೇ. ಯಾರಿಗಾದರೂ ವಾಟ್ಸ್ಆ್ಯಪಿನಲ್ಲೇ ಕಳಿಸಬೇಕಾದರೆ ಡಾಕ್ಯುಮೆಂಟ್ ಮಾಡಿ ಕಳಿಸು, ಮೂಲ ಹೋಗುತ್ತದೆ.

ಹಾಗಂತ ಎಲ್ಲವನ್ನೂ ನಿನ್ನ ಸರ್ವರಿಗೇ ತುಂಬಬೇಕಿಲ್ಲ. ಸೆಕೆಂಡಿಗೆ 5 ಮೆಗಾಬಿಟ್‌ನ ವಿಡಿಯೊ ಒಂದು ಗಂಟೆಗೆ ಎರಡೂಕಾಲು ಜಿಬಿ ಆಗುತ್ತದೆ. ಬೆಳಗಿನವರೆಗಿನ ಆಟಕ್ಕೆ ಯೂಟ್ಯೂಬೇ ಸೈ, ಅಲ್ಲಿ ನನಗೇನೂ ಹಟವಿಲ್ಲ. ನಾಲ್ಕೈದು ನಿಮಿಷದ ಆಯ್ದ ತುಣುಕುಗಳನ್ನು ಮಾತ್ರ ನೀನೇ ಇಟ್ಟುಕೊ. ಎಂಪಿ4 ಆಗಿರಲಿ, ಒಳಗೆ ಎಚ್.264 ಚಿತ್ರ, ಎಎಸಿ ಧ್ವನಿ; ಇವು ಓಡದ ಬ್ರೌಸರ್ ಹುಡುಕಿದರೂ ಸಿಗುವುದು ಕಷ್ಟ. ಈಗಿನ ಎಷ್ಟೋ ಫೋನುಗಳು ಎಚ್‌ಇವಿಸಿಯಲ್ಲಿ ಉಳಿಸುತ್ತವೆ, ಅದು ಎಲ್ಲ ಕಡೆ ತೆರೆಯುವುದಿಲ್ಲ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಬದಲಾಯಿಸು, ‘ವೆಬ್ ಆಪ್ಟಿಮೈಸ್ಡ್’ ಎಂಬಲ್ಲಿ ಟಿಕ್ ಹಾಕುವುದನ್ನು ಮರೆಯಬೇಡ. ಯಾವ ದೃಶ್ಯ ಎಲ್ಲಿದೆ ಎಂಬ ಸೂಚಿ ಆಗ ಫೈಲಿನ ಬುಡದಿಂದ ತಲೆಗೆ ಬರುತ್ತದೆ, ಇಡೀ ಫೈಲು ಇಳಿಯುವ ಮೊದಲೇ ಆಟ ಶುರುವಾಗುತ್ತದೆ. ತೆರೆದ ಕೂಡಲೇ ತಾನಾಗಿ ಓಡುವ ಹಾಗೆ ಮಾತ್ರ ಇಡಬೇಡ. ಘಟ್ಟದ ಬುಡದಲ್ಲಿ ಒಂದು ಕಡ್ಡಿ ಸಿಗ್ನಲ್ ಹಿಡಿದು ಕೂತವನ ಡೇಟಾವನ್ನು ಅವನ ಒಪ್ಪಿಗೆಯಿಲ್ಲದೆ ಖರ್ಚು ಮಾಡಲು ನಮಗೇನು ಹಕ್ಕು?

ಬೇರೆಯವರು ತಮ್ಮ ಸರ್ವರಿನಲ್ಲಿಟ್ಟ ಫೈಲಿನ ವಿಳಾಸವನ್ನೇ ನೇರವಾಗಿ ಎತ್ತಿ ನಿನ್ನಲ್ಲಿ ಓಡಿಸುವುದೂ ಇದೇ ಜಾತಿಯ ಕೆಲಸ. ನೋಡುಗರು ನಿನ್ನವರು, ಬ್ಯಾಂಡ್‌ವಿಡ್ತಿನ ಬಿಲ್ಲು ಅವರದು. ಅವರ ಪುಟಕ್ಕೇ ಲಿಂಕ್ ಕೊಡು, ಹೆಸರು ಹಾಕು.

ಇನ್ನು ಅನುಮತಿ. 1957ರ ಕೃತಿಸ್ವಾಮ್ಯ ಕಾಯಿದೆ ಪ್ರದರ್ಶನ ನೀಡುವ ಕಲಾವಿದರಿಗೂ ಹಕ್ಕು ಕೊಟ್ಟಿದೆ, ಅದು ಐವತ್ತು ವರ್ಷ ಇರುತ್ತದೆ. ಬಯಲಾಟ, ಟಿಕೆಟ್ ಇಲ್ಲ, ಊರೆಲ್ಲ ಮೊಬೈಲ್ ಎತ್ತಿದೆ ಎಂದಮಾತ್ರಕ್ಕೆ ಆ ಹಕ್ಕು ಹೋಗುವುದಿಲ್ಲ. ಮುಮ್ಮೇಳದವರು ಬಣ್ಣ ಹಚ್ಚುವ ಹೊತ್ತಿಗೇ ಚೌಕಿಗೆ ಹೋಗಿ ಮೇಳದವರನ್ನೂ ಭಾಗವತರನ್ನೂ ಕೇಳು. ಕೇಳಿದವರಿಗೆ ಬೇಡ ಅನ್ನುವವರು ಕಡಿಮೆ. ಬೇಡ ಅಂದರೆ ಕ್ಯಾಮೆರಾ ಮಡಚಿ ಆಟ ನೋಡು.

ಅಲ್ಲಿಯೇ ಒಂದು ಚೀಟಿಯಲ್ಲಿ ಬರೆದುಕೊ: ಪ್ರಸಂಗ, ಊರು, ದಿನಾಂಕ, ಭಾಗವತಿಕೆ ಯಾರದು, ಚಂಡೆ ಯಾರು, ಮದ್ದಳೆ ಯಾರು, ಯಾವ ವೇಷ ಯಾರದು. ಫೈಲಿನ ಹೆಸರಿಗೂ ಪ್ರಸಂಗ, ದಿನಾಂಕ ಸೇರಲಿ. ಫೋನು ಕೊಡುವ ಅಂಕಿಗಳ ಸಾಲು ಹತ್ತು ವರ್ಷದ ಮೇಲೆ ನಿನಗೇ ಅರ್ಥವಾಗದು. ಆ ರಾತ್ರಿ ಚೌಕಿಯಲ್ಲಿ ಕೇಳದೆ ಬಿಟ್ಟ ಹೆಸರು ಆಮೇಲೆ ಕಮೆಂಟುಗಳಲ್ಲಿ ಜಗಳವಾಗಿಯೇ ಸಿಗುವುದು.