ಹದಿನಾಡಿನಿಂದ ಶ್ರೀರಂಗಪಟ್ಟಣದವರೆಗೆ: ಮೈಸೂರು ಸೇನೆಯ ವ್ಯವಸ್ಥೆ

ಸೇನೆಯೆಂದೊಡನೆ ಜನಮನದಲ್ಲಿ ಮೂಡುವುದು ವೀರರ ಖಡ್ಗ, ಕುದುರೆಗಳ ಹೇಷಾರವ, ರಣಭೇರಿಯ ನಿನಾದ. ಖಡ್ಗ ಹಿಡಿದ ಕೈಗೆ ಅನ್ನವನ್ನಿತ್ತವರು ಯಾರು, ಫಿರಂಗಿಯನ್ನೆಳೆದ ಎತ್ತಿಗೆ ಮೇವು ಎಲ್ಲಿಂದ ಬಂದಿತು ಎಂದು ವಿಚಾರಿಸುವವರು ವಿರಳ. ಪ್ರಾಚೀನರು ಇದನ್ನು ಮರೆತಿರಲಿಲ್ಲ. ರಥ, ಗಜ, ತುರಗ, ಪದಾತಿಗಳೆಂಬ ಚತುರಂಗಬಲವನ್ನು ಹೇಳಿದ ಶಾಸ್ತ್ರಕಾರರೇ ರಾಜ್ಯದ ಸಪ್ತಾಂಗಗಳನ್ನು ಎಣಿಸುವಾಗ ಜನಪದವನ್ನೂ ಕೋಶವನ್ನೂ ದಂಡಕ್ಕಿಂತ ಮೊದಲು ಇರಿಸಿದ್ದಾರೆ. ಈ ಕ್ರಮದಲ್ಲಿ ಅಡಗಿರುವ ಸತ್ಯವನ್ನು ಮೈಸೂರು ಸೀಮೆಯ ಇತಿಹಾಸವೇ ಸ್ಪಷ್ಟಪಡಿಸುತ್ತದೆ.

ಸೇನಾವ್ಯವಸ್ಥೆಗೆ ಜಗತ್ತು ಮೊದಲು ಉದಾಹರಿಸುವುದು ರೋಮನರನ್ನು. ಎಂಟು ಮಂದಿ ಒಂದು ಡೇರೆಯಲ್ಲಿ ಕೂಡಿ ಬಾಳುವರು; ಅಂತಹ ಹತ್ತು ಡೇರೆಗಳ 80 ಯೋಧರಿಗೆ ಸೆಂಚೂರಿಯನ್ ಎಂಬ ನಾಯಕ. ಇಂತಹ ಆರು ತಂಡಗಳು ಸೇರಿ 480 ಮಂದಿಯ ಕೋಹರ್ಟ್, ಹತ್ತು ಕೋಹರ್ಟ್‌ಗಳು ಸೇರಿ ಸುಮಾರು 5,000 ಮಂದಿಯ ಲೀಜನ್. ಶತ್ರುದೇಶದಲ್ಲಿ ದಿನದ ನಡಿಗೆ ಮುಗಿದ ಮೇಲೆ ಯೋಧನೇ ಗುದ್ದಲಿ ಹಿಡಿದು ಪಾಳೆಯದ ಸುತ್ತ ಕಂದಕ ತೋಡಬೇಕಾಗಿತ್ತು. ಕ್ರಿ.ಶ. 6ರಲ್ಲಿ ಆಗಸ್ಟಸ್ ಚಕ್ರವರ್ತಿಯು ನಿವೃತ್ತ ಯೋಧರಿಗೆ ಧನ ನೀಡುವುದಕ್ಕಾಗಿಯೇ ಪ್ರತ್ಯೇಕ ಬೊಕ್ಕಸವನ್ನು ಸ್ಥಾಪಿಸಿದನು. ರೋಮನರು ಇತರರಿಗಿಂತ ಶೂರರೆಂಬುದಕ್ಕಿಂತ, ಶೌರ್ಯವು ಹಸಿವಿನಿಂದ ಕೆಡದಂತೆ ನೋಡಿಕೊಂಡರೆಂಬುದೇ ಅವರ ಹಿರಿಮೆ.

ಇನ್ನು ನಮ್ಮ ನಾಡಿಗೆ ಬಂದರೆ, ಮೈಸೂರು ಅರಸುಮನೆತನದ ಮೂಲವನ್ನು ಐತಿಹ್ಯವು ನಂಜನಗೂಡಿಗೂ ತಿರುಮಕೂಡಲು ನರಸೀಪುರಕ್ಕೂ ನಡುವಣ ಹದಿನಾರಿನೊಡನೆ, ಅಂದಿನ ಹದಿನಾಡಿನೊಡನೆ, ಜೋಡಿಸುತ್ತದೆ. ಯದುರಾಯ, ಕೃಷ್ಣರಾಯರೆಂಬ ಸೋದರರು ಜಂಗಮರೊಬ್ಬರ ನೆರವಿನಿಂದ ಕಾರುಗಹಳ್ಳಿಯ ಮಾರನಾಯಕನನ್ನು ಸಂಹರಿಸಿ, ಅಲ್ಲಿಯ ರಾಜಕುಮಾರಿಯನ್ನು ಆಪತ್ತಿನಿಂದ ಪಾರುಮಾಡಿದರೆಂದೂ, 1399ರಲ್ಲಿ ಯದುರಾಯನು ಒಡೆಯನಾದನೆಂದೂ ಪ್ರತೀತಿ. ಈ ಕಥೆಯಲ್ಲಿ ಮಹಾಸೈನ್ಯದ ಮಾತಿಲ್ಲ. ಸಣ್ಣ ನಾಡಿನ ಒಡೆಯನಿಗೆ ನೇಗಿಲು ಹಿಡಿಯುವ ಊರಿನ ಬಂಟರೇ ಕತ್ತಿ ಹಿಡಿಯುವ ಪಡೆ; ಉಳುಮೆಯ ಕಾಲದಲ್ಲಿ ಪಡೆ ಕರಗುವುದು ಸಹಜವಾಗಿತ್ತು.

ರಾಜ್ಯ ಬೆಳೆದಂತೆ ವ್ಯವಸ್ಥೆಯೂ ಬೆಳೆಯಿತು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡರು. 1639ರಲ್ಲಿ ಕಂಠೀರವ ನರಸರಾಜ ಒಡೆಯರು ಬಿಜಾಪುರದ ರಣದುಲ್ಲಾಖಾನನನ್ನು ಅಲ್ಲಿಂದ ಹಿಮ್ಮೆಟ್ಟಿಸಿದರು. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ರಾಜ್ಯಭಾರವನ್ನು 18 ಕಚೇರಿಗಳಿಗೆ ಹಂಚಲಾಯಿತು. ಪಡೆಯ ಲೆಕ್ಕಪತ್ರಗಳ ಹೊಣೆ ಕಂದಾಚಾರವೆಂಬ ಇಲಾಖೆಯದು. ಕಂದಾಚಾರದ ಬಂಟರು ಶಾಂತಿಕಾಲದಲ್ಲಿ ಊರ ಕಾವಲು ನಡೆಸಿ, ಕರೆ ಬಂದಾಗ ದಂಡಿಗೆ ಹೊರಡುತ್ತಿದ್ದರು. ಅರಮನೆಗೆ ಹಾಲುಬೆಣ್ಣೆ ಒದಗಿಸುತ್ತಿದ್ದ ಬೆಣ್ಣೆ ಚಾವಡಿಯ ದನಗಳಿಂದಲೇ ಮುಂದೆ ಸೇನೆಯ ಎತ್ತುಗಳ ತಳಿ ಬೆಳೆದುಬಂದಿತು. ಟಿಪ್ಪು ಸುಲ್ತಾನನು ಆ ಇಲಾಖೆಗೆ ಅಮೃತಮಹಲ್ ಎಂದು ಹೆಸರಿಟ್ಟನು.

ಹೈದರಾಲಿ, ಟಿಪ್ಪು ಸುಲ್ತಾನರ ಆಳ್ವಿಕೆಯಲ್ಲಿ ಸೇನೆಯು ಹೊಸ ರೂಪವನ್ನು ತಾಳಿತು. ಕುಶೂನ್, ರಿಸಾಲೆ, ಜೌಕ್ ಎಂಬ ವಿಭಾಗಗಳು ಏರ್ಪಟ್ಟವು. ಕವಾಯತಿನ ಆಜ್ಞೆಗಳು ಪಾರಸಿಯಲ್ಲಿ ರಚಿತವಾದವು. ಕಬ್ಬಿಣದ ನಳಿಕೆಯೊಳಗೆ ಮದ್ದು ತುಂಬಿ ಹಾರಿಸುವ ಬಾಣಗಳ ದಳವೂ ಇದ್ದಿತು. 1780ರ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಆಂಗ್ಲರ ಮದ್ದಿನ ಬಂಡಿಗಳು ಸಿಡಿದು ಬೈಲಿಯ ಪಡೆ ನಾಶವಾದುದು ಪ್ರಸಿದ್ಧ. ಅಂತಹ ಬಾಣಗಳ ಸಾವಿರಕ್ಕೂ ಮಿಕ್ಕ ನಳಿಕೆಗಳು 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಪಾಳುಬಾವಿಯೊಂದರಲ್ಲಿ, ದೊರೆತವು.

ಆದರೆ ಈ ಸೀಮೆಯ ಅತಿ ದೊಡ್ಡ ಪಾಠವನ್ನು ಕಲಿಸಿದುದು ಬಾಣವಲ್ಲ, ಎತ್ತು. 1791ರ ಮಾರ್ಚಿಯಲ್ಲಿ ಬೆಂಗಳೂರನ್ನು ಹಿಡಿದ ಕಾರ್ನ್‌ವಾಲಿಸನು ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದತ್ತ ನಡೆದನು. ಟಿಪ್ಪುವಿನ ಸವಾರರು ಅವನ ದಾರಿಯ ಮೇವನ್ನೂ ಧಾನ್ಯವನ್ನೂ ಸುಟ್ಟರು. ಮೇ 15ರಂದು ಅರಕೆರೆಯ ಬಳಿ ನಡೆದ ಯುದ್ಧದಲ್ಲಿ ಕಾರ್ನ್‌ವಾಲಿಸನು ಗೆದ್ದನು. ಆದರೆ ಕಾವೇರಿ ತುಂಬಿ ಹರಿಯುತ್ತಿದ್ದಳು, ಎತ್ತುಗಳು ಸಾಯುತ್ತಿದ್ದವು, ಸಿಪಾಯಿಗಳಿಗೆ ಅಕ್ಕಿಯಿರಲಿಲ್ಲ. ಗೆದ್ದ ಸೇನಾನಿಯೇ ಕನ್ನಂಬಾಡಿಯ ಬಳಿ ತನ್ನ ದೊಡ್ಡ ಫಿರಂಗಿಗಳನ್ನು ಕೈಯಾರೆ ನಾಶಪಡಿಸಿ ಹಿಂದಿರುಗಬೇಕಾಯಿತು. ಮುಂದೆ ಮರಾಠರ ಪಾಳೆಯದ ಪೇಟೆಯೇ ಅವನ ಜನಕ್ಕೆ ಧಾನ್ಯವನ್ನಿತ್ತಿತು. ದಂಡಿನ ಹಿಂದೆ ಸಹಸ್ರಾರು ಎತ್ತುಗಳ ಮೇಲೆ ಧಾನ್ಯ ಹೇರಿಕೊಂಡು ನಡೆಯುತ್ತಿದ್ದ ಲಂಬಾಣಿಗಳ ಬೆಲೆ ಅಂದು ಅವನಿಗೆ ಮನವರಿಕೆಯಾಯಿತು. 1792ರ ಫೆಬ್ರವರಿಯಲ್ಲಿ ಅವನು ಮತ್ತೆ ಬಂದಾಗ ಉಗ್ರಾಣ ತುಂಬಿತ್ತು. ಟಿಪ್ಪು ಒಪ್ಪಂದಕ್ಕೆ ಮಣಿಯಬೇಕಾಯಿತು. ಅರ್ಧರಾಜ್ಯವೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳೂ ಆ ಸೋಲಿನ ಬೆಲೆ.

ಆ ಬೆಲೆಯನ್ನು ಕಟ್ಟಕಡೆಗೆ ತೆತ್ತವನು ಯಾರು? ಶತ್ರುವಿಗೆ ದಕ್ಕಬಾರದೆಂದು ಸುಟ್ಟ ಮೇವು ಒಕ್ಕಲಿಗನದು. ಸೇನೆ ಹಿಡಿದೊಯ್ದ ಎತ್ತು ಅವನದು. ದಂಡದ ಹಣವನ್ನು ಕಂದಾಯವಾಗಿ ತೆತ್ತವನೂ ಅವನೇ. ಗೆದ್ದವರು ಯಾರಾದರೂ ಅವನ ಹೊಲ ಮಾತ್ರ ಸೋತಿತು.

ಇತಿಹಾಸವನ್ನು ಬೋಧಿಸುವಾಗ ಯುದ್ಧದ ತಾರೀಖಿನೊಡನೆ ಆ ವರ್ಷದ ಮೇವಿನ ಬಣವೆಯನ್ನೂ ನೆನೆಯುವುದು ಉಚಿತ. ಜನಪದ, ಕೋಶ, ದಂಡ ಎಂಬ ಕ್ರಮವನ್ನು ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಾರೆ. ಅದರ ಭಾಷ್ಯವು ಅರಕೆರೆಯ ಬಯಲಿನಲ್ಲಿ, ಹದಿನಾರಿಗೆ ಅನತಿದೂರದಲ್ಲಿಯೇ, ಬರೆಯಲ್ಪಟ್ಟಿದೆ. ರಾಜ್ಯವನ್ನು ಕಾಯುವವನು ಯೋಧ. ಯೋಧನನ್ನು ಕಾಯುವವನು ಉಳುವವನು. ಈ ಎರಡನೆಯ ವಾಕ್ಯವನ್ನು ಮರೆತ ಸೇನೆ ಎಂತಹುದಾದರೂ ಬಹುಕಾಲ ನಿಂತುದಿಲ್ಲ.