ಕಾರ್ಬುರೇಟರ್ ಸೋರಿದರೆ

ಜೂನ್, ಜುಲೈಯ 61 ದಿನ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳಿಗೆ ನಿಷೇಧ. ನಾಡದೋಣಿಯವರಿಗೆ ಅದೇ ದುಡಿಮೆಯ ಕಾಲ. ಆಗಲೇ ಸೀಮೆಎಣ್ಣೆ ಇಂಜಿನ್ ಕೈಕೊಡುತ್ತದೆ. ಸಂಘದ ಸಾಲದ ಪುಸ್ತಕದಲ್ಲಿ 'ಇಂಜಿನ್ ರಿಪೇರಿ' ಎಂದು ನಾವು ಎಷ್ಟೋ ಸಲ ಬರೆದಿದ್ದೇವೆ.

ಎಣ್ಣೆ ಉಕ್ಕಿ ಸೋರಿದ ಕೂಡಲೇ ಹೊಸ ಕಾರ್ಬುರೇಟರ್ ಬೇಕೆಂದಿಲ್ಲ. ಮೊದಲು ಬೀಡಿ ಆರಿಸಿ, ಎಣ್ಣೆಯ ಪೈಪ್ ಕಳಚಿ. ಸ್ಟಾರ್ಟ್ ಮಾಡೋಕೆ ಹಾಕುವ ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ದೋಣಿಯ ತಳದಲ್ಲೇ ನಿಲ್ಲುತ್ತದೆ.

ಫ್ಲೋಟ್ ಮೇಲೆದ್ದಾಗ ನೀಡಲ್ ಎಣ್ಣೆಯ ದಾರಿ ಮುಚ್ಚಬೇಕು. ತುದಿ ಸವೆದಿದ್ದರೆ, ಕಸ ಸಿಕ್ಕಿದ್ದರೆ ಮುಚ್ಚೋದಿಲ್ಲ. ಟೊಳ್ಳು ಫ್ಲೋಟನ್ನು ಕಿವಿ ಹತ್ತಿರ ಅಲ್ಲಾಡಿಸಿ. ಒಳಗೆ ಎಣ್ಣೆ ಕುಲುಕಿದರೆ ತೂತಾಗಿದೆ. ಸವೆದ ನೀಡಲನ್ನು ಸೀಟಿನ ಜೊತೆಗೇ ಬದಲಿಸಿ, ಗ್ಯಾಸ್ಕೆಟ್ ಹೊಸದಿರಲಿ. ಜೆಟ್‌ಗೆ ಮಾತ್ರ ತಂತಿ ಚುಚ್ಚಬೇಡಿ, ತೂತು ದೊಡ್ಡದಾದರೆ ಇಂಜಿನ್ ಇನ್ನಷ್ಟು ಎಣ್ಣೆ ಕುಡಿಯುತ್ತೆ. ಜೋಡಿಸಿ ಎಣ್ಣೆ ಬಿಟ್ಟು ಹತ್ತು ನಿಮಿಷ ಕಾಯಿರಿ. ಸೋರದಿದ್ದರೆ ಹಗ್ಗ ಎಳೆಯಿರಿ.