ಕೊತ್ತಂಬರಿ ಬಿಡಿ, ಕೊಬ್ಬರಿ ಬರೆಯಿರಿ

ತೂಕ ಇಳಿಸಬೇಕೆಂದು ಫೋನಿನಲ್ಲಿ ಆ್ಯಪ್ ಹಾಕಿಕೊಂಡು ಕ್ಯಾಲೊರಿ ಲೆಕ್ಕಕ್ಕೆ ಕೂತವರು ಮೊದಮೊದಲು ಕರಿಬೇವನ್ನೂ ಬಿಡುವುದಿಲ್ಲ. ಸಾರಿನ ಮೇಲೆ ಉದುರಿಸಿದ ಕೊತ್ತಂಬರಿ, ಮಜ್ಜಿಗೆಗೆ ಹಾಕಿದ ಚಿಟಿಕೆ ಇಂಗು, ಊಟದ ಕೊನೆಗೆ ಬಾಯಿಗೆ ಹಾಕಿಕೊಂಡ ಸೋಂಪು, ಎಲ್ಲಕ್ಕೂ ಒಂದೊಂದು ಸಾಲು. ವಾರ ಕಳೆಯುವಷ್ಟರಲ್ಲಿ ಸುಸ್ತಾಗಿ ಲೆಕ್ಕವನ್ನೇ ಕೈಬಿಡುತ್ತಾರೆ. ಇನ್ನೊಂದು ಬಗೆಯವರಿದ್ದಾರೆ. 'ಅಯ್ಯೋ, ಅಷ್ಟು ಚೂರಿಗೆಲ್ಲ ಏನು ಲೆಕ್ಕ' ಎಂದು ಸಣ್ಣದ್ದನ್ನೆಲ್ಲ ಒಟ್ಟಿಗೆ ಗುಡಿಸಿ ಆಚೆ ಹಾಕುವವರು. ಕೊತ್ತಂಬರಿಯ ಜೊತೆಗೇ ಅವರ ಪಟ್ಟಿಯಿಂದ ಕೊಬ್ಬರಿ, ಒಗ್ಗರಣೆ ಎಣ್ಣೆ, ಮೂರು ಲೋಟ ಕಾಫಿಯ ಸಕ್ಕರೆ ಎಲ್ಲವೂ ಹೋಗಿರುತ್ತವೆ. ತೂಕ ಮಾತ್ರ ಕದಲುವುದಿಲ್ಲ.

ಹಾಗಾದರೆ ಸಣ್ಣದ್ದರಲ್ಲಿ ಯಾವುದನ್ನು ಬರೆಯಬೇಕು, ಯಾವುದನ್ನು ಧೈರ್ಯವಾಗಿ ಬಿಡಬಹುದು? ನಮ್ಮ ಅಡುಗೆಮನೆಗೆ ಒಗ್ಗುವ ಸೂತ್ರಗಳು ಇಲ್ಲಿವೆ.

1. ಐದು ಕ್ಯಾಲೊರಿಗೆ ಗೆರೆ ಎಳೆಯಿರಿ

ಅಮೆರಿಕದ ಆಹಾರ ಲೇಬಲ್ ನಿಯಮದಲ್ಲಿ ಕಂಪನಿಗಳಿಗೆ ಒಂದು ಸಡಿಲಿಕೆ ಇದೆ. ಒಂದು ಸರ್ವಿಂಗಿನಲ್ಲಿ ಐದು ಕ್ಯಾಲೊರಿಗಿಂತ ಕಡಿಮೆ ಇದ್ದರೆ ಸೊನ್ನೆ ಎಂದೇ ಮುದ್ರಿಸಬಹುದು. 50ರವರೆಗೆ ಐದೈದರ ಲೆಕ್ಕದಲ್ಲಿ, ಅದರ ಮೇಲೆ ಹತ್ತುಹತ್ತರ ಲೆಕ್ಕದಲ್ಲಿ ದುಂಡಗೆ ಮಾಡಬಹುದು. ಸರ್ಕಾರವೇ ಕಂಪನಿಗಳಿಗೆ ಕೊಟ್ಟ ಈ ಸಡಿಲಿಕೆಯನ್ನು ನಿಮಗೆ ನೀವೇ ಕೊಟ್ಟುಕೊಳ್ಳಿ.

ಈ ಗೆರೆಯ ಕೆಳಗೆ ಬರುವವು: ಕೊತ್ತಂಬರಿ, ಪುದೀನ, ಕರಿಬೇವು, ಹಸಿಮೆಣಸಿನಕಾಯಿ, ಶುಂಠಿಯ ಚೂರು, ಅರ್ಧ ನಿಂಬೆಹಣ್ಣಿನ ರಸ, ಚಿಟಿಕೆ ಸಾಸಿವೆ, ಅರಿಶಿನ, ಇಂಗು. ಹಾಲು ಸಕ್ಕರೆ ಎರಡೂ ಇಲ್ಲದ ಕಪ್ಪು ಕಾಫಿಯೂ ಇಲ್ಲಿಗೇ ಸೇರುತ್ತದೆ. ಇವುಗಳಿಗೆ ಪೆನ್ನೆತ್ತಬೇಡಿ.

2. ಒಂದರ ಬೆಲೆ ಬಿಡಿ, ದಿನದ ಬೆಲೆ ನೋಡಿ

ಮೊದಲ ಸೂತ್ರದಲ್ಲೊಂದು ಕಿಂಡಿ ಇದೆ. ಟಿಕ್ ಟ್ಯಾಕ್ ಗುಳಿಗೆ ಬಹುಪಾಲು ಸಕ್ಕರೆಯೇ. ಆದರೆ ಒಂದೊಂದೂ ಅರ್ಧ ಗ್ರಾಮಿಗಿಂತ ಕಡಿಮೆ ತೂಗುವುದರಿಂದ ಅಮೆರಿಕದ ಡಬ್ಬಿಯ ಮೇಲೆ ಸಕ್ಕರೆ ಸೊನ್ನೆ ಗ್ರಾಂ ಎಂದು ಬರೆದುಕೊಳ್ಳಲು ಅಡ್ಡಿಯಿಲ್ಲ. ಒಂದೇ ತಿನ್ನುವವನಿಗೆ ಅದು ನಿಜವೂ ಹೌದು. ಡಬ್ಬಿ ಖಾಲಿ ಮಾಡುವವನ ಕಥೆ ಬೇರೆ.

ನಮ್ಮಲ್ಲಿ ಆ ಜಾಗದಲ್ಲಿರುವುದು ಕಾಫಿ. ಒಂದು ಟೀ ಚಮಚ ಸಕ್ಕರೆ ಅಂದರೆ ನಾಲ್ಕೈದು ಗ್ರಾಂ, 16ರಿಂದ 20 ಕ್ಯಾಲೊರಿ. ಕೇಳಲು ಏನೂ ಅಲ್ಲ. ಲೋಟಕ್ಕೆರಡು ಚಮಚದಂತೆ ದಿನಕ್ಕೆ ನಾಲ್ಕು ಲೋಟ ಕುಡಿಯುವವರಿಗೆ ಸಕ್ಕರೆಯೊಂದರಿಂದಲೇ 150 ಹತ್ತಿರ ಬರುತ್ತದೆ, ಹಾಲಿನದ್ದು ಬೇರೆ. ಜೊತೆಗೆ ಅದ್ದಿಕೊಳ್ಳಲು ಎರಡು ಮಾರಿ ಬಿಸ್ಕತ್ತು, ಒಂದೊಂದಕ್ಕೆ ಇಪ್ಪತ್ತು ಚಿಲ್ಲರೆ. ಕೂತು ಕೆಲಸ ಮಾಡುವ, 55 ಕಿಲೋ ತೂಕದ ಹೆಂಗಸಿಗೆ ದಿನಕ್ಕೆ 1660 ಕ್ಯಾಲೊರಿ ಎಂಬುದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಅಂದಾಜು. 65 ಕಿಲೋ ತೂಕದ ಗಂಡಸಿಗೆ 2110. ಆ 1660ರಲ್ಲಿ ಹನ್ನೊಂದನೇ ಒಂದು ಪಾಲು ಕಾಫಿ ಸಕ್ಕರೆಗೇ ಹೋದರೆ ಅದನ್ನು ಚೂರುಪಾರು ಎನ್ನುವಂತಿಲ್ಲ. ಬೈಟು ಕುಡಿಯಿರಿ, ಇಲ್ಲವೇ ಸಕ್ಕರೆ ಇಳಿಸಿ. ಎರಡೂ ಆಗದಿದ್ದರೆ ಬರೆಯಿರಿ.

3. ನೀರು ತುಂಬಿದ್ದನ್ನು ಬಿಡಿ, ಒಣಗಿದ್ದನ್ನು ಬರೆಯಿರಿ

ಸೌತೆಕಾಯಿಯಲ್ಲಿ ನೂರಕ್ಕೆ 95 ಪಾಲು ನೀರು. ನೂರು ಗ್ರಾಂ ತಿಂದರೂ 15-20 ಕ್ಯಾಲೊರಿ. ಟೊಮೇಟೊ, ಮೂಲಂಗಿ, ಸೋರೆಕಾಯಿ, ಪಡವಲಕಾಯಿ, ಸೊಪ್ಪುಗಳು ಹೆಚ್ಚುಕಡಿಮೆ ಇದೇ ಸಾಲಿನವು. ಊಟದ ಪಕ್ಕ ನಾಲ್ಕು ಹೋಳು ಹಾಕಿಕೊಂಡರೆ ಲೆಕ್ಕಕ್ಕೆ ತರಬೇಕಿಲ್ಲ. ಇವನ್ನು ಜೀರ್ಣಿಸಲು ಇವುಗಳಲ್ಲಿ ಇರುವುದಕ್ಕಿಂತ ಹೆಚ್ಚು ಶಕ್ತಿ ಖರ್ಚಾಗುತ್ತದೆ ಎಂಬ ಮಾತು ಮಾತ್ರ ಸುಳ್ಳು. ಅಂಥ ಆಹಾರವೇ ಇಲ್ಲ.

ನೀರು ಹೋದ ಕೂಡಲೇ ಲೆಕ್ಕ ಬದಲಾಗುತ್ತದೆ. ನೂರು ಗ್ರಾಂ ದ್ರಾಕ್ಷಿಗೆ ಸುಮಾರು 70 ಆದರೆ ಒಣದ್ರಾಕ್ಷಿಗೆ 300. ಹಸಿ ತೆಂಗಿನಕಾಯಿಗೆ 350ರಿಂದ 400 ಆದರೆ ಕೊಬ್ಬರಿಗೆ 650 ದಾಟುತ್ತದೆ. ಪಾಯಸದ ಮೇಲೆ ತೇಲುವ ನಾಲ್ಕು ದ್ರಾಕ್ಷಿ ಗೋಡಂಬಿಗಳನ್ನು ಅಲಂಕಾರ ಎಂದು ಬಿಡುವ ಮೊದಲು ಇದು ನೆನಪಿರಲಿ. ಒಣಗಿದ್ದರೂ ಹಗುರ ಎನ್ನಬಹುದಾದದ್ದು ಮಂಡಕ್ಕಿ. ಒಂದು ಬಟ್ಟಲು ತುಂಬ ಹಾಕಿದರೂ ಹದಿನೈದು ಗ್ರಾಂ ತೂಗಿದರೆ ಹೆಚ್ಚು. ಗಿರಮಿಟ್ ಆದಮೇಲೆ ಹಾಗೆನ್ನುವಂತಿಲ್ಲ.

4. ಒಗ್ಗರಣೆಗೆ ವಿನಾಯಿತಿ ಇಲ್ಲ, ಆದರೆ ದಿನಾ ಅಳೆಯಬೇಡಿ

ಈ ಪಟ್ಟಿಯಲ್ಲಿ ಒಂದನ್ನೇ ಪಾಲಿಸುವುದಾದರೆ ಇದನ್ನು ಪಾಲಿಸಿ.

ಪಿಷ್ಟವಾಗಲಿ ಪ್ರೋಟೀನಾಗಲಿ ಗ್ರಾಮಿಗೆ ನಾಲ್ಕು ಕ್ಯಾಲೊರಿ ಕೊಡುತ್ತವೆ, ಕೊಬ್ಬು ಒಂಬತ್ತು. ಎಣ್ಣೆ ಎಂದರೆ ಅಪ್ಪಟ ಕೊಬ್ಬು, ನೀರಿನ ಹನಿಯೂ ಇಲ್ಲ. ಒಂದು ಟೀ ಚಮಚಕ್ಕೆ 40. ದೊಡ್ಡ ಚಮಚಕ್ಕೆ 120. ಸಾರಿಗೊಂದು ಒಗ್ಗರಣೆ, ಪಲ್ಯಕ್ಕೊಂದು, ಮೊಸರನ್ನಕ್ಕೊಂದು, ದೋಸೆಯ ಅಂಚಿಗೆ ಸುತ್ತಲೂ ಒಂದು ಧಾರೆ, ಚಟ್ನಿಪುಡಿಗೆ ಗುಳಿ ಮಾಡಿ ಹೊಯ್ದದ್ದು. ಯಾವುದೂ ತಟ್ಟೆಯಲ್ಲಿ ಪ್ರತ್ಯೇಕವಾಗಿ ಕಾಣುವುದಿಲ್ಲ. ಅಡುಗೆ ಮಾಡುವವರ ಕೈಯೂ ಅಳತೆ ನೋಡಿ ಹಾಕುವುದಿಲ್ಲ, ಬಾಣಲೆಯನ್ನು ನೋಡಿ ಹಾಕುತ್ತದೆ. ಹೀಗಿರುವಾಗ ಪ್ರತಿ ಪದಾರ್ಥಕ್ಕೂ ಎಣ್ಣೆ ಅಂದಾಜಿಸಲು ಹೊರಡುವುದು ವ್ಯರ್ಥ.

ಸುಲಭದ ದಾರಿ ದಿನಸಿ ಚೀಟಿಯಲ್ಲಿದೆ. ತಿಂಗಳಿಗೆ ಮನೆಗೆ ಎಷ್ಟು ಲೀಟರ್ ಎಣ್ಣೆ ಬರುತ್ತದೆ, ತಿನ್ನುವವರು ಎಷ್ಟು ಜನ, ಇಷ್ಟು ಗೊತ್ತಿದ್ದರೆ ಸಾಕು. ನಾಲ್ಕು ಜನರ ಮನೆಗೆ ನಾಲ್ಕು ಲೀಟರ್ ಎಂದುಕೊಳ್ಳಿ. ತಲೆಗೆ ಒಂದು ಲೀಟರ್, ಎಂದರೆ ಸುಮಾರು 910 ಗ್ರಾಂ. ಮೂವತ್ತು ದಿನಕ್ಕೆ ಹಂಚಿದರೆ ದಿನಕ್ಕೆ 30 ಗ್ರಾಂ, 270 ಕ್ಯಾಲೊರಿ. ಈ ಅಂಕಿಯನ್ನು ಪುಸ್ತಕದ ಮೊದಲ ಸಾಲಿನಲ್ಲಿ ಖಾಯಂ ಆಗಿ ಬರೆದಿಡಿ. ಕರಿದು ಉಳಿದು ಚೆಲ್ಲಿದ್ದನ್ನು ಕಳೆಯಿರಿ, ಬೆಣ್ಣೆ ತುಪ್ಪಕ್ಕೂ ಇದೇ ರೀತಿ ಒಂದು ಸಾಲು ಹಾಕಿ. ಆಮೇಲೆ ಮನೆಯ ಒಗ್ಗರಣೆಗಳನ್ನು ಒಂದೊಂದಾಗಿ ಬರೆಯುವ ಕೆಲಸವೇ ಇರುವುದಿಲ್ಲ. ಒಂದು ಎಚ್ಚರ: ಆ್ಯಪಿನಲ್ಲಿ 'ಬೀನ್ಸ್ ಪಲ್ಯ' ಎಂದು ಆರಿಸಿದರೆ ಅದರಲ್ಲಿ ಎಣ್ಣೆ ಆಗಲೇ ಸೇರಿರುತ್ತದೆ. ಎರಡೆರಡು ಸಲ ಬರದಂತೆ ಬರಿಯ ಬೀನ್ಸ್ ಎಂದೇ ಹಾಕಿ. ಹೋಟೆಲಿನಲ್ಲಿ ತಿಂದ ಬೆಣ್ಣೆದೋಸೆಯನ್ನು ಮಾತ್ರ ಈ ಖಾಯಂ ಸಾಲು ಹೊರುವುದಿಲ್ಲ, ಅದಕ್ಕೆ ಬೇರೆ ಸಾಲೇ ಬೇಕು.

5. ಎರಡನೇ ಸಲದ ಚಟ್ನಿಗೂ ಸಾಲು ಬೇಕು

'ಇಡ್ಲಿ ಎರಡು' ಎಂದು ನಿಷ್ಠೆಯಿಂದ ಬರೆಯುತ್ತೇವೆ. ಚಟ್ನಿ ಎಷ್ಟು ಸಲ ಹಾಕಿಸಿಕೊಂಡೆವು ಎಂಬುದನ್ನು ಬರೆಯುವುದಿಲ್ಲ. ಹದಿನೈದು ಗ್ರಾಂ ಕಾಯಿತುರಿ ಇದ್ದರೆ ಅದೇ 50-60 ಕ್ಯಾಲೊರಿ. ಮೇಲೆ ಹುರಿಗಡಲೆ, ಒಗ್ಗರಣೆ. ಒಂದು ಸಣ್ಣ ಇಡ್ಲಿಯನ್ನೇ ಹೆಚ್ಚಿಗೆ ತಿಂದಂತಾಯಿತು. ಕೋಸಂಬರಿ, ಪಲ್ಯ, ಗೊಜ್ಜು, ಹುಳಿಯ ಮಸಾಲೆ, ಎಲ್ಲೆಲ್ಲೂ ಕಾಯಿ ಹಾಕುವ ಮನೆಯವರು ಎಣ್ಣೆಯ ಹಾಗೆಯೇ ತೆಂಗಿನಕಾಯಿಯದ್ದನ್ನೂ ವಾರಕ್ಕೆ ಎಷ್ಟು ಎಂದು ಲೆಕ್ಕ ಹಾಕಿ ತಲೆಗೆ ಹಂಚಿಕೊಳ್ಳುವುದು ವಾಸಿ. ಕರಾವಳಿಯವರಿಗಂತೂ ಇದು ಬೇಕೇ ಬೇಕು. ಹೀರೆಕಾಯಿ ಸಿಪ್ಪೆಯ ಚಟ್ನಿ, ಟೊಮೇಟೊ ಚಟ್ನಿಗಳಲ್ಲಿ ಕಾಯಿ ಕಡಿಮೆಯಿದ್ದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

6. ಡಬ್ಬಿಯಿಂದ ನೇರ ಬಾಯಿಗೆ ಹಾಕಬೇಡಿ

ಟಿವಿ ನೋಡುತ್ತ ಬಾಯಾಡಿಸುವ ಕಡಲೆಕಾಯಿ ಬೀಜ ಒಂದು ಹಿಡಿಗೆ 30 ಗ್ರಾಂ, 160ರ ಮೇಲೆ. ಖಾರಾ ಮಿಕ್ಸ್ಚರ್, ಚಕ್ಕುಲಿ, ಕೋಡುಬಳೆಗಳದ್ದೂ ಇದೇ ಹಣೆಬರಹ. ಸಂಕ್ರಾಂತಿಯ ಎಳ್ಳುಬೆಲ್ಲದಲ್ಲಿ ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಕಾಯಿ ಬೀಜ, ಹುರಿಗಡಲೆ ಹೀಗೆ ಐದಕ್ಕೆ ಐದೂ ಒಣ ಸರಕು. 30 ಗ್ರಾಮಿಗೆ 150ರ ಆಸುಪಾಸು. ಹಬ್ಬದ ದಿನ ತಿನ್ನಿ, ಬೇಡ ಎಂದವರಾರು? ಬಟ್ಟಲಿಗೆ ಹಾಕಿಕೊಂಡು, ಡಬ್ಬಿಯ ಮುಚ್ಚಳ ಹಾಕಿ, ಬರೆದು ತಿನ್ನಿ. ಬೆಳಿಗ್ಗೆ ನೆನೆಸಿಟ್ಟ ಐದು ಬಾದಾಮಿಗೆ ಇಷ್ಟು ರಗಳೆ ಬೇಡ. ಒಂದಕ್ಕೆ ಏಳರಂತೆ 35, ದಿನಾ ಅಷ್ಟೇ. ಒಮ್ಮೆ ಖಾಯಂ ಸಾಲಿಗೆ ಸೇರಿಸಿ ಮರೆತುಬಿಡಿ.

7. ಆರೋಗ್ಯಕ್ಕೆ ಒಳ್ಳೆಯದು ಎಂಬುದಕ್ಕೆ ರಿಯಾಯಿತಿ ಇಲ್ಲ

ಜೇನು ಒಂದು ಟೀ ಚಮಚಕ್ಕೆ ಇಪ್ಪತ್ತಕ್ಕೂ ಮೇಲೆ. ಬೆಲ್ಲ ಗ್ರಾಮಿಗೆ ಗ್ರಾಂ ಸಕ್ಕರೆಗೆ ಸರಿಸಮ. ಬಿಸಿನೀರಿಗೆ ತುಪ್ಪ ಹಾಕಿ ಕುಡಿದರೂ ತುಪ್ಪ ತುಪ್ಪವೇ.

8. ತಟ್ಟೆಗೆ ಬಾರದ ತುತ್ತುಗಳನ್ನು ಹಿಡಿಯಿರಿ

ಕಾವಲಿಯ ಮೇಲೆ ಹರಿದ ಮೊದಲ ದೋಸೆಯನ್ನು ತಿನ್ನುವವರು ಯಾರು? ಅಡುಗೆ ಮಾಡುವವರೇ, ಅದೂ ನಿಂತಲ್ಲೇ. ಮಗು ಬಿಟ್ಟ ಅರ್ಧ ಚಪಾತಿ, ಪಾತ್ರೆಯ ತಳದಲ್ಲಿ ಉಳಿದ ಎರಡು ತುತ್ತು ಚಿತ್ರಾನ್ನ, ಚೆಲ್ಲಲು ಮನಸ್ಸು ಬಾರದೆ ಬಾಯಿಗೆ ಹೋದದ್ದು, ಇವೆಲ್ಲ ಯಾವ ಪುಸ್ತಕದಲ್ಲೂ ದಾಖಲಾಗುವುದಿಲ್ಲ. ಉಪ್ಪು ನೋಡಲು ಅಂಗೈಗೆ ಹಾಕಿಕೊಂಡ ಹನಿ ಸಾರನ್ನು ಬಿಡಿ. ಹರಿದ ದೋಸೆಯನ್ನು ದೋಸೆ ಎಂದೇ ಬರೆಯಿರಿ. ದೇವಸ್ಥಾನದ ತೀರ್ಥ, ಚೂರು ಕಲ್ಲುಸಕ್ಕರೆ ಬಿಡಬಹುದು. ದೊನ್ನೆ ತುಂಬ ಕೊಟ್ಟ ಪುಳಿಯೋಗರೆ ಪ್ರಸಾದವೇ ಆದರೂ ಊಟವೇ.

ಇಂಥ ಮರೆವು ಎಷ್ಟು ದೊಡ್ಡದಾಗಬಹುದು ಎಂಬುದಕ್ಕೆ 1992ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಒಂದು ಅಧ್ಯಯನ ಸಾಕ್ಷಿ. ಎಷ್ಟು ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಎನ್ನುತ್ತಿದ್ದ ಕೆಲವರನ್ನು ಅಲ್ಲಿ ಪರೀಕ್ಷೆಗೆ ಒಳಪಡಿಸಿದರು. ನಿಜವಾಗಿ ತಿಂದದ್ದರಲ್ಲಿ ಸರಾಸರಿ ಶೇಕಡಾ 47ರಷ್ಟು ಅವರ ಬರಹಕ್ಕೆ ಬಂದಿರಲೇ ಇಲ್ಲ. ಪರೀಕ್ಷೆಗೆ ಒಳಗಾದವರು ಕೆಲವೇ ಮಂದಿ, ಆದ್ದರಿಂದ ಇದೇ ಅಂಕಿಯನ್ನು ಎಲ್ಲರಿಗೂ ಅಂಟಿಸುವುದು ತಪ್ಪು. ಆದರೂ ಥೈರಾಯ್ಡನ್ನು ದೂರುವ ಮುಂಚೆ ಪುಸ್ತಕವನ್ನೊಮ್ಮೆ ತಿರುವಿ ಹಾಕುವುದು ಒಳ್ಳೆಯದು.

9. ಸಾರು, ಮಜ್ಜಿಗೆ, ಉಪ್ಪಿನಕಾಯಿ, ಹಪ್ಪಳ

ಬೇಳೆಕಟ್ಟಿನ ತಿಳಿಸಾರು, ನೀರು ಮಜ್ಜಿಗೆ ಬಿಡಿ. ಗಟ್ಟಿ ಮೊಸರು ಬರೆಯಿರಿ, ಕೆನೆಭರಿತ ಹಾಲಿನದ್ದಾದರೆ ಇನ್ನೂ ಎಚ್ಚರ: ಟೋನ್ಡ್ ಹಾಲಿನಲ್ಲಿ ಶೇಕಡಾ 3 ಕೊಬ್ಬಾದರೆ ಅದರಲ್ಲಿ 6. ಉಪ್ಪಿನಕಾಯಿಯ ಒಂದು ಹೋಳಿಗೆ ಕ್ಯಾಲೊರಿ ಲೆಕ್ಕ ಬೇಡ, ಉಪ್ಪಿನ ಲೆಕ್ಕ ಬೇಕು. ಸುಟ್ಟ ಹಪ್ಪಳಕ್ಕೆ ಸುಮಾರು 40. ಕರಿದರೆ ಹತ್ತಿರ ಹತ್ತಿರ ದುಪ್ಪಟ್ಟು.

10. ಅನ್ನ ತೂಗದವರು ಕೊತ್ತಂಬರಿ ತೂಗಬೇಡಿ

ನೂರು ಗ್ರಾಂ ಅನ್ನಕ್ಕೆ ಸುಮಾರು 130 ಕ್ಯಾಲೊರಿ. ಬಡಿಸುವ ಸೌಟು 50 ಗ್ರಾಂ ಆಚೀಚೆಯಾದರೆ 65 ತಪ್ಪಿತು. ಅಷ್ಟೇ ಕ್ಯಾಲೊರಿ ಕೊತ್ತಂಬರಿಯಿಂದ ಬರಬೇಕಾದರೆ ಕಾಲು ಕಿಲೋ ತಿನ್ನಬೇಕು. ಅಡಿಗೆಮನೆಯ ತಕ್ಕಡಿಯನ್ನು ಒಂದೆರಡು ವಾರ ಅನ್ನಕ್ಕೆ, ಮುದ್ದೆಗೆ, ಚಪಾತಿ ಹಿಟ್ಟಿನ ಉಂಡೆಗೆ ಬಳಸಿ ಕಣ್ಣಳತೆ ಕಲಿಯಿರಿ. ನಿಮ್ಮ ಮುದ್ದೆಗೆ 100 ಗ್ರಾಂ ರಾಗಿಹಿಟ್ಟು ಹೋಗುತ್ತದೋ 60 ಗ್ರಾಮೋ ಎಂಬುದು ಗೊತ್ತಿಲ್ಲದೆ ಜೀರಿಗೆ ಎಣಿಸಿ ಏನು ಪ್ರಯೋಜನ?

ಕೋಷ್ಟಕ ನೋಡುವಾಗಲೂ ಎರಡು ಕಡೆ ಜನ ಎಡವುತ್ತಾರೆ. ಅಕ್ಕಿಯ ಅಂಕಿಯನ್ನು ಅನ್ನಕ್ಕೆ ಹಾಕುವುದು ಒಂದು. ನೂರು ಗ್ರಾಂ ಅಕ್ಕಿಗೆ 350 ಇದ್ದದ್ದು ನೀರು ಕುಡಿದು ಅನ್ನವಾದಾಗ ಮೂರು ಪಾಲಿಗೆ ಹಂಚಿಹೋಗಿರುತ್ತದೆ. ಎರಡನೆಯದು, ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಭಾರತೀಯ ಆಹಾರ ಕೋಷ್ಟಕಗಳಲ್ಲಿ 528 ಆಹಾರಗಳ ವಿವರವಿದೆ, ಆದರೆ ಶಕ್ತಿಯನ್ನು ಕಿಲೋಜೂಲ್‌ನಲ್ಲಿ ಕೊಟ್ಟಿದ್ದಾರೆ. 4.184ರಿಂದ ಭಾಗಿಸದೆ ಓದಿದರೆ ಬದನೆಕಾಯಿಯೂ ಭಯ ಹುಟ್ಟಿಸುತ್ತದೆ.

11. ಬಿಟ್ಟದ್ದಕ್ಕೆಲ್ಲ ಸೇರಿ ಒಂದು ಮೊತ್ತ ಇಡಿ

'ಚಿಲ್ಲರೆ: 50' ಎಂದು ದಿನಕ್ಕೊಂದು ಸಾಲು ಬರೆಯಿರಿ. ಸೌತೆಕಾಯಿ, ಸೋಂಪು, ಮೆಂತ್ಯ, ಮಜ್ಜಿಗೆ ಎಲ್ಲ ಅದರಲ್ಲಿ ಬಂತು. ಎರಡು ಮೂರು ವಾರವಾದರೂ ತೂಕ ಕೆಳಗಿಳಿಯುವ ಸೂಚನೆ ಇಲ್ಲದಿದ್ದರೆ ಈ ಚಿಲ್ಲರೆಯನ್ನು ಕೆದಕಬೇಡಿ. ಮೊದಲು ಎಣ್ಣೆಯ ಸಾಲು ನೋಡಿ, ಆಮೇಲೆ ಕಾಯಿ, ಆಮೇಲೆ ಕಾಫಿ. ಅನ್ನಕ್ಕೆ ಕತ್ತರಿ ಹಾಕುವುದು ಇವೆಲ್ಲ ಆದಮೇಲೆ.

12. ಈ ಸೂತ್ರಗಳು ಎಲ್ಲರಿಗೂ ಅಲ್ಲ

ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಕ್ಯಾಲೊರಿಗಿಂತ ಪಿಷ್ಟ ಮತ್ತು ಸಕ್ಕರೆಯ ಗ್ರಾಂ ಮುಖ್ಯ. ಕಾಫಿಯ ಹಾಲು, ಚೂರು ಬೆಲ್ಲ, ಒಂದು ಏಲಕ್ಕಿ ಬಾಳೆಹಣ್ಣು, ಇವನ್ನು ಅವರು ಚಿಲ್ಲರೆಗೆ ಹಾಕುವಂತಿಲ್ಲ. ರಕ್ತದ ಸಕ್ಕರೆ 70ರ ಕೆಳಗೆ ಕುಸಿದಾಗ 15 ಗ್ರಾಂ ಗ್ಲುಕೋಸ್ ಅಥವಾ ಸಕ್ಕರೆಯನ್ನು ಯಾವ ಲೆಕ್ಕವೂ ನೋಡದೆ ಬಾಯಿಗೆ ಹಾಕಿಕೊಳ್ಳಬೇಕು. ಬೆಳೆಯುವ ಮಕ್ಕಳ, ಬಸುರಿ ಬಾಣಂತಿಯರ ತಟ್ಟೆಗೆ ಈ ಲೆಕ್ಕ ತರಬೇಡಿ. ಇನ್ನು, ಬರೆಯದೆ ಒಂದು ತುತ್ತು ತಿಂದರೂ ಎದೆ ಹೊಡೆದುಕೊಳ್ಳುವ ಹಂತಕ್ಕೆ ಬಂದವರು ಪುಸ್ತಕ ಮುಚ್ಚಿಟ್ಟು ವೈದ್ಯರನ್ನು ಕಾಣಬೇಕು. ತೂಕ ಇಳಿಸುವ ಕೆಲಸ ಅಲ್ಲಿಯವರೆಗೆ ಕಾಯಲಿ.